ಹಸಿಕಸ, ಒಣಕಸ: ಕಸವಿಂಗಡಣೆಯ ವಿಧಿವಾಕ್ಯದಲ್ಲಿ ಪ್ರವರ್ತಕವಿಚಾರ

ಬೆಂಗಳೂರಿನ ಪಶ್ಚಿಮಭಾಗದ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಮೊದಲಾದ ಬಡಾವಣೆಗಳಲ್ಲಿ ಸಂಚರಿಸುವವರಿಗೆ ಗೋಡೆಗಳ ಮೇಲೂ ಕಸದ ಆಟೋಗಳ ಮೇಲೂ ಪದೇಪದೇ ಕಾಣಸಿಗುವ ಎರಡು ಸಮಸ್ತಪದಗಳುಂಟು: ಹಸಿಕಸ, ಒಣಕಸ. ಇವುಗಳೊಡನೆ ‘ಬೇರ್ಪಡಿಸಿ ಕೊಡಿ’ ಎಂಬ ಕ್ರಿಯಾಪದವು ಸೇರಿದರೆ ವಾಕ್ಯವು ಪೂರ್ಣವಾಗುತ್ತದೆ. ಇಂದಿನ ಕನ್ನಡದಲ್ಲಿ ಇಷ್ಟು ಜನರು ಓದಿದ, ಓದಿಯೂ ಇಷ್ಟು ಜನರು ಅನುಸರಿಸದ ವಿಧಿವಾಕ್ಯವು ಮತ್ತೊಂದು ಇರಲಾರದು. ಕಾವ್ಯವನ್ನೂ ಶಾಸನಗಳನ್ನೂ ವಿಮರ್ಶಿಸುವ ವಿದ್ವಾಂಸರು ಇಂತಹ ವಾಕ್ಯವನ್ನು ವಿಮರ್ಶೆಗೆ ಯೋಗ್ಯವೆಂದು ಎಣಿಸುವುದು ಅಪರೂಪ. ಆದರೆ ವಾಕ್ಯವೊಂದು ಮನುಷ್ಯನನ್ನು ಕಾರ್ಯದಲ್ಲಿ ಹೇಗೆ ತೊಡಗಿಸುತ್ತದೆಂಬುದನ್ನು ನಮ್ಮ ಮೀಮಾಂಸಕರೂ ನೈಯಾಯಿಕರೂ ವಿಚಾರಿಸಿದಷ್ಟು ಸೂಕ್ಷ್ಮವಾಗಿ ವಿಚಾರಿಸಿದವರು ವಿರಳ. ಆ ವಿಚಾರವು ಅಡುಗೆಮನೆಯ ಬುಟ್ಟಿಯವರೆಗೂ ಬರಬಲ್ಲುದೇ ಎಂಬುದು ಪ್ರಕೃತ ಲೇಖನದ ವಿಷಯ.

ಮೊದಲು ಈ ವಾಕ್ಯದ ಚರಿತ್ರೆ. ಪುರಸಭೆಗಳ ಘನತ್ಯಾಜ್ಯವನ್ನು ಕುರಿತು ಭಾರತ ಸರ್ಕಾರವು ೨೦೦೦ದಲ್ಲಿ ಹೊರಡಿಸಿದ ನಿಯಮಗಳಲ್ಲಿಯೇ ವಿಂಗಡಣೆಯ ಮಾತು ಬಂದಿತ್ತು. ಅದು ಕಡತದಿಂದ ಅಡುಗೆಮನೆಗೆ ಇಳಿಯುವುದಕ್ಕೆ ಹನ್ನೆರಡು ವರ್ಷಗಳು ಹಿಡಿದವು. ೨೦೧೨ರಲ್ಲಿ ಮಾವಳ್ಳಿಪುರದ ಕಸದ ತಾಣವು ಮುಚ್ಚಿತು. ನಗರದ ಬೀದಿಬೀದಿಗಳಲ್ಲಿ ಕಸವು ರಾಶಿಬಿದ್ದಿತು. ಆ ವರ್ಷದ ಅಕ್ಟೋಬರ್ ೧ರಿಂದ, ಅಂದಿದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಮನೆಯಲ್ಲಿಯೇ ಕಸವನ್ನು ಬೇರ್ಪಡಿಸುವುದನ್ನು ಕಡ್ಡಾಯಮಾಡಿತು. ೨೦೧೪ರಲ್ಲಿ ಮಂಡೂರಿನ ಜನರು ತಮ್ಮ ಊರಿಗೆ ಬರುತ್ತಿದ್ದ ಲಾರಿಗಳನ್ನು ವಿರೋಧಿಸಿದರು. ಆ ವರ್ಷದ ಕೊನೆಗೆ ಅಲ್ಲಿಯೂ ಸುರಿಯುವುದು ನಿಂತಿತು. ೨೦೧೫ರ ಡಿಸೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಆದೇಶದಿಂದ ‘ಎರಡು ಬುಟ್ಟಿ, ಒಂದು ಚೀಲ’ ಎಂಬ ಕ್ರಮವು ಜಾರಿಗೆ ಬಂದಿತು: ಹಸಿಕಸಕ್ಕೆ ಹಸಿರು ಬುಟ್ಟಿ, ತಿರಸ್ಕೃತವಾದ ಕೊಳಕು ವಸ್ತುಗಳಿಗೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ. ೨೦೧೬ರಲ್ಲಿ ಹೊರಟ ಕೇಂದ್ರನಿಯಮಗಳೂ ಮೂರು ಬಗೆಯ ವಿಂಗಡಣೆಯನ್ನೇ ವಿಧಿಸಿದವು. ಹೀಗೆ ವಿಧಿಗೆ ಕೊರತೆಯಿಲ್ಲ. ಕೊರತೆಯು ಪ್ರವೃತ್ತಿಯಲ್ಲಿದೆ.

ಶಬ್ದವಿಚಾರ

ಹಸಿಕಸವೆಂಬುದು ಕರ್ಮಧಾರಯ. ಹಸಿಯಾದ ಕಸ, ಒಣಗಿದ ಕಸ ಎಂದು ವಿಗ್ರಹವಾಕ್ಯ ಮಾಡಿದರೆ ಅರ್ಥವು ಸ್ಪಷ್ಟವಾದಂತೆ ತೋರುತ್ತದೆ. ಪ್ರಯೋಗಕ್ಕೆ ಇಳಿದೊಡನೆ ಮುಖ್ಯಾರ್ಥಕ್ಕೆ ಬಾಧೆ ಒದಗುತ್ತದೆ. ಮೊಟ್ಟೆಯ ಚಿಪ್ಪು ಒಣಗಿದ್ದರೂ ಹಸಿಕಸ. ಹಾಲಿನ ಪೊಟ್ಟಣವು ಒಳಗೆ ತೇವವಾಗಿದ್ದರೂ ಒಣಕಸ. ಬಾಗಿಲ ತೋರಣದ ಮಾವಿನೆಲೆಯು ವಾರದ ಬಿಸಿಲಿಗೆ ಗರಿಗರಿಯಾಗಿದ್ದರೂ ಹಸಿಕಸವೇ. ಮಗುವಿನ ಡಯಾಪರು ನೆನೆದು ಭಾರವಾಗಿದ್ದರೂ ಹಸಿಕಸವಲ್ಲ, ಒಣಕಸವಂತೂ ಅಲ್ಲವೇ ಅಲ್ಲ. ಆದಕಾರಣ ಇಲ್ಲಿ ‘ಹಸಿ’ ಎಂಬ ಶಬ್ದವು ತೇವವೆಂಬ ವಾಚ್ಯಾರ್ಥವನ್ನು ಬಿಟ್ಟು ‘ಕೊಳೆತು ಮಣ್ಣಾಗಬಲ್ಲದ್ದು’ ಎಂಬ ಲಕ್ಷ್ಯಾರ್ಥವನ್ನು ಹೇಳುತ್ತದೆ. ‘ಒಣ’ ಎಂಬುದು ‘ಕೊಳೆಯದೆ ಮತ್ತೆ ಬಳಕೆಗೆ ಬರಬಲ್ಲದ್ದು’ ಎಂಬುದನ್ನು. ಮಮ್ಮಟನು ಲಕ್ಷಣೆಗೆ ಹೇಳಿದ ಮೂರು ನಿಮಿತ್ತಗಳಲ್ಲಿ ಮುಖ್ಯಾರ್ಥಬಾಧವೂ ಸಂಬಂಧವೂ ಇಲ್ಲಿವೆ. ಮೂರನೆಯದು ರೂಢಿಯಾಗಲಿ ಪ್ರಯೋಜನವಾಗಲಿ ಆಗಿರಬೇಕು. ರೂಢಿಯು ಇನ್ನೂ ಬಲಿತಿಲ್ಲ. ಪ್ರಯೋಜನವನ್ನು ಹೇಳಿಕೊಡುವವರು ಕಡಿಮೆ. ಲಾಕ್ಷಣಿಕ ಶಬ್ದವನ್ನು ವಾಚ್ಯಾರ್ಥದಲ್ಲಿ ಗ್ರಹಿಸಿದ ಗೃಹಸ್ಥನು ಕೈ ಮುಟ್ಟಿ ನೋಡಿ, ತೇವವಿದ್ದರೆ ಹಸಿರು ಬುಟ್ಟಿಗೆ ಹಾಕುತ್ತಾನೆ. ಇದನ್ನು ಅವನ ಉದಾಸೀನವೆಂದು ದೂರುವುದು ನ್ಯಾಯವಲ್ಲ. ಅವನು ಬರೆದದ್ದನ್ನು ಬರೆದಂತೆಯೇ ಓದಿದ್ದಾನೆ.

ಇದಕ್ಕಿಂತ ದೊಡ್ಡ ಕೊರತೆಯೊಂದು ಈ ಪದಗಳಲ್ಲಿದೆ. ಅದು ಹಳೆಯ ಮನೆಮಾತಿನೊಡನೆ ಹೋಲಿಸಿದಾಗ ಹೊಳೆಯುತ್ತದೆ. ಕನ್ನಡದ ಮನೆಗಳಲ್ಲಿ ವಿಂಗಡಣೆಯು ಹೊಸದಲ್ಲ. ಅಕ್ಕಿ ತೊಳೆದ ನೀರೂ ಅಡುಗೆಯ ಉಳಿಕೆಯೂ ಕಲಗಚ್ಚು, ಅದು ಹಸುವಿಗೆ. ಒಲೆಯ ಬೂದಿಯು ಪಾತ್ರೆ ಬೆಳಗುವುದಕ್ಕೆ. ಸಗಣಿ ಗಂಜಲಗಳೂ ಸಿಪ್ಪೆ ಸೊಪ್ಪುಗಳೂ ತಿಪ್ಪೆಗೆ, ತಿಪ್ಪೆಯು ಹೊಲಕ್ಕೆ. ಹಳೆಯ ಕಾಗದವು ರದ್ದಿ, ಅದು ಅಂಗಡಿಗೆ. ದೇವರ ಮೇಲಿಂದ ತೆಗೆದ ಹೂವು ನಿರ್ಮಾಲ್ಯ. ಅದು ಯಾರೂ ತುಳಿಯದ ಗಿಡದ ಬುಡಕ್ಕೋ ನೀರಿಗೋ. ಈ ಹೆಸರುಗಳಲ್ಲಿ ಸಾಮಾನ್ಯವಾದ ಗುಣವೊಂದುಂಟು: ಇವು ವಸ್ತುವಿನ ಸ್ಥಿತಿಯನ್ನಲ್ಲದೆ ಅದರ ವಿನಿಯೋಗವನ್ನು ಸೂಚಿಸುತ್ತವೆ. ಕಲಗಚ್ಚು ಎಂದೊಡನೆ ಹಸುವಿನ ಬಾನಿಯು ಕಣ್ಣಮುಂದೆ ಬರುತ್ತದೆ. ಹಸಿಕಸವೆಂದರೆ ಬುಟ್ಟಿಯು ಮಾತ್ರ ಬರುತ್ತದೆ; ಬುಟ್ಟಿಯಿಂದಾಚೆಗೆ ಕತ್ತಲೆ. ಹಳೆಯ ಪದಗಳು ತಲಪುವ ಸ್ಥಳವನ್ನು ಹೇಳಿದುವು. ಹೊಸ ಪದಗಳು ವಸ್ತುವಿನ ಸ್ವರೂಪವನ್ನು ಮಾತ್ರ ಹೇಳುತ್ತವೆ. ಉಳಿದೆಲ್ಲ ಕಸವನ್ನೂ ಒಂದೇ ಚೀಲಕ್ಕೆ ತುಂಬುವ ಮನೆಗಳಲ್ಲಿಯೂ ನಿರ್ಮಾಲ್ಯವು ಇಂದಿಗೂ ಬೇರೆಯಾಗಿ ಉಳಿದಿರುವುದು ಈ ಮಾತಿಗೆ ಸಾಕ್ಷಿ.

ಆದರೆ ಹಳೆಯದನ್ನು ಹಾಗೆಯೇ ಹೊಗಳುವುದೂ ವಿಮರ್ಶೆಯಾಗದು. ಆ ವಿಂಗಡಣೆಯ ಒಂದು ಭಾಗವು ಉಪಯೋಗದಿಂದ ಹುಟ್ಟಿದ್ದರೆ ಮತ್ತೊಂದು ಭಾಗವು ಎಂಜಲು, ಮುಸುರೆ, ಮೈಲಿಗೆ ಎಂಬ ಎಣಿಕೆಯಿಂದ ಹುಟ್ಟಿತ್ತು. ಆ ಎಣಿಕೆಯು ಮನೆಯನ್ನು ಚೊಕ್ಕಟವಾಗಿಟ್ಟುಕೊಂಡು, ಉಳಿದದ್ದನ್ನು ಹೊರುವ ಕೆಲಸವನ್ನು ಕೆಲವು ಜಾತಿಗಳ ತಲೆಗೆ ಕಟ್ಟಿತ್ತು. ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಲ್ಲಿಸುವುದಕ್ಕೆ ೧೯೭೦ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮುಂದಾಗಬೇಕಾಯಿತು. ಹಳೆಯ ಪದಗಳು ತಲಪುವ ಸ್ಥಳವನ್ನು ಹೇಳಿದುವು ನಿಜ. ಹೊರುವ ಕೈಯನ್ನು ಅವೂ ಹೇಳಲಿಲ್ಲ.

ಪೂರ್ವಪಕ್ಷಗಳು

ಹಾಗಾದರೆ ನಗರವಾಸಿಯನ್ನು ವಿಂಗಡಣೆಯಲ್ಲಿ ತೊಡಗಿಸುವ ಪ್ರವರ್ತಕವು ಯಾವುದು? ಲೋಕದಲ್ಲಿ ಮೂರು ಪಕ್ಷಗಳು ಪ್ರಚಲಿತವಾಗಿವೆ: ದಂಡ, ಲಾಭ, ಲಜ್ಜೆ.

ದಂಡಪಕ್ಷವು ಪ್ರಾಚೀನವಾದದ್ದು. ೧೯೦೯ರಲ್ಲಿ ಮೈಸೂರಿನಿಂದ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ನಗರಾಡಳಿತವನ್ನು ಹೇಳುವ ಅಧ್ಯಾಯದಲ್ಲಿ, ಬೀದಿಗೆ ಧೂಳನ್ನು ಹಾಕಿದವನಿಗೆ ಪಣದ ಎಂಟನೆಯ ಒಂದು ಪಾಲೂ ಕೆಸರುನೀರನ್ನು ಕಟ್ಟಿನಿಲ್ಲಿಸಿದವನಿಗೆ ಕಾಲು ಪಣವೂ ದಂಡವೆಂದು ಹೇಳಿದೆ, ರಾಜಮಾರ್ಗದಲ್ಲಾದರೆ ಇಮ್ಮಡಿ. ಗಮನಿಸತಕ್ಕ ಅಂಶವೇನೆಂದರೆ, ಕೌಟಿಲ್ಯನ ದಂಡವು ನಿಷೇಧವನ್ನು ಮೀರಿದವನಿಗೆ. ಬೀದಿಯಲ್ಲಿ ಎಸೆಯುವುದು ಎಲ್ಲರ ಕಣ್ಣಿಗೆ ಕಾಣುವ ಕೆಲಸ. ಅದನ್ನು ದಂಡದಿಂದ ತಡೆಯಬಹುದು. ವಿಂಗಡಣೆಯಾದರೋ ನಿಷೇಧವಲ್ಲ, ವಿಧಿ. ಅದು ದಿನಕ್ಕೆ ಹತ್ತುಸಲ, ಬಾಗಿಲ ಒಳಗೆ, ಯಾರೂ ನೋಡದೆ ನಡೆಯತಕ್ಕ ಕೆಲಸ. ಈರುಳ್ಳಿ ಸಿಪ್ಪೆಯನ್ನು ಯಾವ ಬುಟ್ಟಿಗೆ ಹಾಕಿದರೆಂದು ನೋಡುವುದಕ್ಕೆ ಮನೆಮನೆಗೆ ಅಧಿಕಾರಿಯನ್ನು ನಿಲ್ಲಿಸಲಾಗದು. ಆದುದರಿಂದ ದಂಡವು ಎಸೆತವನ್ನು ತಡೆಯಬಲ್ಲುದು, ಎಚ್ಚರವನ್ನು ಹುಟ್ಟಿಸಲಾರದು.

ಲಾಭಪಕ್ಷಕ್ಕೆ ಬೆಂಗಳೂರಿನಲ್ಲಿಯೇ ಬಲವಾದ ದೃಷ್ಟಾಂತವಿದೆ. ಹಳೇ ಪೇಪರಿನವನ ಕೂಗಿಗೆ ಬಾಗಿಲು ತೆರೆಯದ ಮನೆಯಿಲ್ಲ. ಗುಜರಿ ಅಂಗಡಿಗೆ ಹೋಗತಕ್ಕ ಕಾಗದ, ಹಿತ್ತಾಳೆ, ಕಬ್ಬಿಣಗಳನ್ನು ಯಾವ ಆದೇಶವೂ ಇಲ್ಲದೆ ಜನರು ಕಟ್ಟಿಡುತ್ತಾರೆ. ದಕ್ಷಿಣ ಕೊರಿಯಾ ದೇಶದಲ್ಲಿ ೧೯೯೫ರಿಂದ ಕಸವನ್ನು ಅಳತೆಯ ಚೀಲಗಳಲ್ಲಿಯೇ ಹಾಕಬೇಕು, ಚೀಲವನ್ನು ಹಣಕೊಟ್ಟು ಕೊಳ್ಳಬೇಕು, ಮರುಬಳಕೆಯ ವಸ್ತುಗಳನ್ನು ಬೇರ್ಪಡಿಸಿದರೆ ಅವುಗಳಿಗೆ ಹಣವಿಲ್ಲ ಎಂಬ ಕ್ರಮವು ಬಂದಿತು. ಅಲ್ಲಿ ಬೆರಸಿದರೆ ನಷ್ಟ, ಬೇರ್ಪಡಿಸಿದರೆ ಉಳಿತಾಯ. ಬೆಂಗಳೂರಿನಲ್ಲಿ ೨೦೨೫ರ ಏಪ್ರಿಲಿನಿಂದ ಸ್ವತ್ತಿನ ತೆರಿಗೆಯೊಡನೆ ಮನೆಗಳ ಕಸದ ಶುಲ್ಕವೂ ಸೇರಿತು. ಅದರ ಅಳತೆಯು ಕಟ್ಟಡದ ವಿಸ್ತೀರ್ಣ. ಒಂದೇ ವಿಸ್ತೀರ್ಣದ ಎರಡು ಮನೆಗಳಲ್ಲಿ ಒಬ್ಬನು ವಿಂಗಡಿಸಿ ಮತ್ತೊಬ್ಬನು ಬೆರಸಿದರೂ ಆ ಅಳತೆಯು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಇನ್ನು ನಗರದ ಕಸದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಹಸಿಕಸ. ಅದನ್ನು ಕೊಳ್ಳುವ ಗುಜರಿಯವನಿಲ್ಲ. ‘ಕಸದಿಂದ ರಸ’ ಎಂಬ ಜನಪ್ರಿಯವಾದ ನುಡಿಯು ಪ್ರಾಸದಿಂದ ಕಿವಿಗೆ ಇಂಪಾಗಿದ್ದರೂ, ಆ ರಸವು ಯಾರ ಬಟ್ಟಲಿಗೆ ಎಂಬುದನ್ನು ಹೇಳದೆ ಮುಗಿಯುತ್ತದೆ. ಹಳಗನ್ನಡದ ‘ಕಸವರ’ವೆಂಬ ಶಬ್ದಕ್ಕೆ ಚಿನ್ನವೆಂದು ಅರ್ಥವಿರುವುದನ್ನು ಕಂಡು ಕಸದಲ್ಲಿ ಚಿನ್ನವಿದೆಯೆಂದು ಸಂತೋಷಪಡುವವರೂ ಇರಬಹುದು; ಧ್ವನಿಸಾಮ್ಯವೊಂದರಿಂದಲೇ ವ್ಯುತ್ಪತ್ತಿಯನ್ನು ಕಟ್ಟತಕ್ಕದ್ದಲ್ಲ.

ಲಜ್ಜಾಪಕ್ಷವು ಈಚಿನದು. ೨೦೨೫ರ ಸೆಪ್ಟೆಂಬರಿನಲ್ಲಿ ನಗರದ ಆಡಳಿತವು ಐದು ಪಾಲಿಕೆಗಳಾಗಿ ವಿಭಾಗವಾಗಿ ರಾಜಾಜಿನಗರ, ವಿಜಯನಗರಗಳು ಪಶ್ಚಿಮ ನಗರ ಪಾಲಿಕೆಗೆ ಸೇರಿದ ಮೇಲೆ, ಅಕ್ಟೋಬರಿನ ಕೊನೆಯಲ್ಲಿ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತದವರು ‘ಕಸ ಸುರಿಯುವ ಹಬ್ಬ’ವೆಂಬುದನ್ನು ನಡೆಸಿದರು. ಬೀದಿಗೆ ಕಸವನ್ನು ಎಸೆದವರನ್ನು ಗುರುತಿಸಿ ಅವರ ಮನೆಯ ಬಾಗಿಲಲ್ಲಿ ಕಸವನ್ನು ಸುರಿದು ದಂಡವನ್ನು ವಸೂಲುಮಾಡುವುದು ಇದರ ಕ್ರಮ. ಹೆಸರಿನಲ್ಲಿ ವಕ್ರೋಕ್ತಿಯಿದೆ. ಹಬ್ಬವೆಂಬುದು ಅಂಗಳವನ್ನು ಸಾರಿಸಿ ರಂಗವಲ್ಲಿಯಿಕ್ಕುವ ದಿನ; ಇಲ್ಲಿ ಅದೇ ಅಂಗಳಕ್ಕೆ ಕಸವು ಬೀಳುತ್ತದೆ. ಹಾಸ್ಯವೂ ಪ್ರಹಾರವೂ ಒಂದೇ ಪದದಲ್ಲಿ ಕೂಡಿರುವ ಈ ಪ್ರಯೋಗವನ್ನು ಆಲಂಕಾರಿಕರು ಮೆಚ್ಚಬಹುದು. ಆದರೆ ಫಲವನ್ನು ನೋಡುವಾಗ ಇದೂ ನಿಷೇಧದ ಕ್ಷೇತ್ರಕ್ಕೇ ಸೇರಿದ್ದು. ನಾಚಿದವನು ಬೀದಿಗೆ ಎಸೆಯುವುದನ್ನು ಬಿಟ್ಟಾನು; ನಾಚಿದ್ದರಿಂದಲೇ ಹಸಿಕಸವನ್ನು ಬೇರೆಮಾಡುವನೆಂಬುದಕ್ಕೆ ವ್ಯಾಪ್ತಿಯಿಲ್ಲ. ಇದಲ್ಲದೆ, ಹಬ್ಬದ ಮರುದಿನ ಆ ಕಸವನ್ನು ಬಳಿಯುವ ಕೈ ಯಾವುದೆಂಬ ಪ್ರಶ್ನೆಯೂ ಉಳಿಯುತ್ತದೆ.

ಸಿದ್ಧಾಂತ

ಪ್ರವೃತ್ತಿಗೆ ಕಾರಣವಾದ ಜ್ಞಾನವು ಯಾವುದೆಂಬಲ್ಲಿ ಪ್ರಾಭಾಕರರು ಕಾರ್ಯತಾಜ್ಞಾನವನ್ನು, ಎಂದರೆ ‘ಇದು ಮಾಡತಕ್ಕದ್ದು’ ಎಂಬ ಅರಿವನ್ನು ಹೇಳಿದರು. ಮಂಡನಮಿಶ್ರನು ವಿಧಿವಿವೇಕದಲ್ಲಿ, ‘ಇದು ಇಷ್ಟಕ್ಕೆ ಸಾಧನ’ವೆಂಬ ಅರಿವೇ ಪ್ರವರ್ತಕವೆಂದು ಸಾಧಿಸಿದನು. ವಿಶ್ವನಾಥಪಂಚಾನನನೇ ಮೊದಲಾದ ನೈಯಾಯಿಕರು ಮೂರನ್ನು ಕೂಡಿಸಿದರು: ಕೆಲಸವು ತನ್ನ ಯತ್ನದಿಂದ ಆಗಬಲ್ಲುದೆಂಬ ಅರಿವು, ಅದು ಇಷ್ಟಸಾಧನವೆಂಬ ಅರಿವು, ಅದರಿಂದ ಹೆಚ್ಚಿನ ಅನಿಷ್ಟವು ಬಾರದೆಂಬ ಅರಿವು. ಪಾಶ್ಚಾತ್ಯ ಮನಶ್ಶಾಸ್ತ್ರದಲ್ಲಿ ಐಸೆಕ್ ಐಜೆನ್ ಎಂಬ ವಿದ್ವಾಂಸನು ೧೯೯೧ರ ಲೇಖನದಲ್ಲಿ ಹೇಳಿದ ಮೂರು ಕಾರಣಗಳು, ಅಂದರೆ ಕೆಲಸದ ವಿಷಯದಲ್ಲಿ ಮನೋಭಾವ, ಆಪ್ತರ ನಿರೀಕ್ಷೆ, ಅದು ತನ್ನಿಂದಾದೀತೆಂಬ ಎಣಿಕೆ, ಇವುಗಳಲ್ಲಿ ಮೊದಲನೆಯದೂ ಕೊನೆಯದೂ ನ್ಯಾಯಶಾಸ್ತ್ರದ ಇಷ್ಟಸಾಧನತೆಗೂ ಕೃತಿಸಾಧ್ಯತೆಗೂ ಸಮೀಪವಾಗಿವೆ. ನಡುವಣದು ನೈಯಾಯಿಕರ ಪಟ್ಟಿಯಲ್ಲಿಲ್ಲ. ಧರ್ಮಶಾಸ್ತ್ರಕಾರರು ಶಿಷ್ಟಾಚಾರವೆಂದು ಕರೆದದ್ದು ಅದರ ಸ್ಥಾನದಲ್ಲಿ ನಿಲ್ಲಬಹುದು. ಎದುರುಮನೆಯಾಕೆಯ ಕೈಯಲ್ಲಿ ದಿನವೂ ಎರಡು ಬುಟ್ಟಿಗಳನ್ನು ಕಾಣುವ ಮನೆಯು ಬಹುಕಾಲ ಒಂದೇ ಬುಟ್ಟಿಯೊಡನೆ ಹೊರಬರಲಾರದು.

ಈ ಒರೆಗಲ್ಲಿಗೆ ಪಶ್ಚಿಮ ಬೆಂಗಳೂರನ್ನು ಹಚ್ಚಿ ನೋಡಬೇಕು. ಕೃತಿಸಾಧ್ಯತೆಯು ಎಲ್ಲ ಮನೆಗಳಲ್ಲಿಯೂ ಸಮವಾಗಿಲ್ಲ. ಹಿತ್ತಿಲುಳ್ಳ ಬಂಗಲೆಯಲ್ಲಿ ಗೊಬ್ಬರದ ಕುಂಡಕ್ಕೂ ಸ್ಥಳವುಂಟು. ವಠಾರದ ಒಂದೇ ಕೋಣೆಯಲ್ಲಿ ಮೂರು ಪಾತ್ರೆಗಳಿಗೆ ಎಡೆಯಿಲ್ಲ. ಸೀಟಿಯ ಸದ್ದು ಕೇಳುವ ಹೊತ್ತಿಗೆ ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೊರಟುಹೋಗಿರುವ ಮನೆಯ ಚೀಲವು ರಾತ್ರಿ ರಸ್ತೆಯ ತಿರುವನ್ನು ಸೇರುತ್ತದೆ. ಅನಿಷ್ಟದ ಭಯವೂ ಇದೆ: ಹಸಿಕಸವು ಎರಡು ದಿನ ಉಳಿದರೆ ಹುಳುವೂ ನಾತವೂ. ಇವೆರಡಕ್ಕೂ ಪರಿಹಾರವು ಆಡಳಿತದ ಕೈಯಲ್ಲಿದೆ. ಹೊತ್ತಿಗೆ ಸರಿಯಾಗಿ ಬಂಡಿಯು ಬಂದರೆ ಅರ್ಧ ಕೊರತೆಯು ನೀಗುತ್ತದೆ.

ಉಳಿದದ್ದು ಇಷ್ಟಸಾಧನತೆ, ಗಂಟು ಇರುವುದು ಇಲ್ಲಿಯೇ. ಬೇರ್ಪಡಿಸಿ ಕೊಟ್ಟ ಎರಡು ಬುಟ್ಟಿಗಳೂ ಒಂದೇ ಆಟೋದಲ್ಲಿ ಒಂದಾಗುವುದನ್ನು ಕಣ್ಣಾರೆ ಕಂಡ ಗೃಹಿಣಿಗೆ ಗೋಡೆಯ ಮೇಲಣ ವಾಕ್ಯವು ಪ್ರತ್ಯಕ್ಷಬಾಧಿತವಾಗುತ್ತದೆ. ಅಂತಹ ಒಂದು ದಿನದ ಪ್ರತ್ಯಕ್ಷವು ಒಂದು ವರ್ಷದ ಉಪದೇಶವನ್ನು ಅಳಿಸಬಲ್ಲುದು. ಬಂಡಿಯಲ್ಲಿ ಬೆರೆಯಲಿಲ್ಲವೆಂದೇ ಇಟ್ಟುಕೊಂಡರೂ ಮತ್ತೊಂದು ಆಕ್ಷೇಪವು ಏಳುತ್ತದೆ. ಕರ್ಮದ ಫಲವು ಮಾಡಿದವನಿಗೇ ಸೇರತಕ್ಕದ್ದೆಂಬುದು ಮೀಮಾಂಸೆಯ ಸಾಮಾನ್ಯನಿಯಮ. ಇಲ್ಲಿ ಕರ್ತೃವೊಬ್ಬ, ಫಲಭೋಕ್ತೃ ಮತ್ತೊಬ್ಬ. ರಾಜಾಜಿನಗರದ ಮನೆಯಲ್ಲಿ ಕಸವು ಬೆರೆತರೂ ಬೇರೆಯಾದರೂ ಬಂಡಿಯು ಹೊರಟ ಮೇಲೆ ಆ ಮನೆಯ ಅಂಗಳವು ಒಂದೇ ಬಗೆಯಾಗಿ ಚೊಕ್ಕಟ. ವ್ಯತ್ಯಾಸವನ್ನು ಅನುಭವಿಸುವವರು ಬೇರೆಯವರು. ಮಾಗಡಿ ರಸ್ತೆಯ ಕಡೆಯ ಕನ್ನಹಳ್ಳಿ, ಸೀಗೇಹಳ್ಳಿಗಳಲ್ಲಿ ಗೊಬ್ಬರಮಾಡುವ ಘಟಕಗಳು ನಿಂತ ಮೇಲೆ ಸುತ್ತಿನ ಜನರು ದುರ್ವಾಸನೆಯನ್ನು ಕುರಿತು ದೂರಿದರು. ಬೆರೆತ ಕಸದಿಂದ ಒಳ್ಳೆಯ ಗೊಬ್ಬರವಾಗದು, ಅದು ಕೊಳೆತು ನಾರುತ್ತದೆ. ನಗರದ ಪಶ್ಚಿಮದ ಚರಂಡಿಗಳ ನೀರನ್ನು ಹೊತ್ತ ವೃಷಭಾವತಿಯು ಕೆಂಗೇರಿಯ ಮಾರ್ಗವಾಗಿ ಬೈರಮಂಗಲದ ಕೆರೆಗೆ ಹರಿಯುತ್ತದೆ; ಮೇಲಣ ಬಡಾವಣೆಗಳು ಚರಂಡಿಗೆ ಎಸೆದದ್ದನ್ನು ಕೆಳಗಣವರು ಕಾಣುತ್ತಾರೆ. ಎಲ್ಲರಿಗಿಂತ ಮೊದಲು ಅನುಭವಿಸುವವರು ಪೌರಕಾರ್ಮಿಕರು. ಒಡೆದ ಗಾಜು, ಸೂಜಿ, ಬಳಸಿದ ಬಟ್ಟೆಗಳು ಅನ್ನದ ಉಳಿಕೆಯೊಡನೆ ಬೆರೆತಿದ್ದರೆ ಅವನ್ನು ಬೇರ್ಪಡಿಸುವುದು ಅವರ ಬೆರಳು.

ಫಲವು ಪರರದಾದರೆ ಪ್ರವೃತ್ತಿ ಹೇಗೆ? ಈ ಪ್ರಶ್ನೆಗೆ ಜೈಮಿನಿಸೂತ್ರಗಳ ನಾಲ್ಕನೆಯ ಅಧ್ಯಾಯದಲ್ಲಿಯೇ ದಾರಿಯುಂಟು. ಮಗನು ಹುಟ್ಟಿದಾಗ ತಂದೆಯು ಮಾಡುವ ಜಾತೇಷ್ಟಿಯ ಫಲವು ಮಗನಿಗೆ ಸೇರುತ್ತದೆಂದು ಅಲ್ಲಿ ನಿರ್ಣಯವಾಗಿದೆ. ತಂದೆಯು ಅದರಲ್ಲಿ ತೊಡಗುವುದಕ್ಕೆ ಅಡ್ಡಿಯಿಲ್ಲ. ಮಗನ ಶ್ರೇಯಸ್ಸು ಅವನ ಇಷ್ಟದೊಳಗೇ ಇದೆ. ಪ್ರಕೃತದಲ್ಲಿಯೂ ಇದೇ ನ್ಯಾಯವು ಅನ್ವಯಿಸುತ್ತದೆ. ಕನ್ನಹಳ್ಳಿಯ ಮನೆಯೂ ಪೌರಕಾರ್ಮಿಕಳ ಬೆರಳೂ ರಾಜಾಜಿನಗರದ ಗೃಹಸ್ಥನ ಇಷ್ಟದ ಪರಿಧಿಯೊಳಗೆ ಬಂದ ದಿನ ವಿಂಗಡಣೆಗೆ ಬೇರೆ ಪ್ರವರ್ತಕವು ಬೇಕಾಗದು. ಬಾರದಿದ್ದರೆ ದಂಡ, ಲಾಭ, ಲಜ್ಜೆಗಳು ಮೂರೂ ಸೇರಿದರೂ ಅವು ಹೊರಗಿನ ಒತ್ತಡಗಳು. ಒತ್ತಡವು ತೆಗೆದಂದು ಕೈಯೂ ನಿಲ್ಲುತ್ತದೆ.

ಇದು ಬರಿಯ ನೀತಿಬೋಧೆಯಲ್ಲವೇ, ನೋಡದವರನ್ನು ತನ್ನವರೆಂದು ಎಣಿಸೆಂದರೆ ಯಾರು ಎಣಿಸುವರು ಎಂದು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವೇನೆಂದರೆ, ನೋಡುವಂತೆ ಮಾಡುವುದೇ ಶಬ್ದದ ಕೆಲಸ. ಜಪಾನಿನ ಕಾಮಿಕಾಟ್ಸು ಎಂಬ ಸಣ್ಣ ಊರಿನವರು ೨೦೦೩ರಲ್ಲಿ ಕಸವನ್ನು ಸುಡದೆ ಹೂಳದೆ ಇರುವ ಸಂಕಲ್ಪವನ್ನು ಮಾಡಿ, ನಾಲ್ವತ್ತಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸುವ ಕ್ರಮವನ್ನು ಬೆಳೆಸಿದರು. ಅಲ್ಲಿನ ಸಂಗ್ರಹಸ್ಥಾನದ ಪೆಟ್ಟಿಗೆಗಳ ಮೇಲೆ ಆ ವಸ್ತುವು ಎಲ್ಲಿಗೆ ಹೋಗುತ್ತದೆ, ಏನಾಗುತ್ತದೆ, ಅದರಿಂದ ಊರಿಗೆ ಎಷ್ಟು ಖರ್ಚು ಅಥವಾ ಆದಾಯ ಎಂದು ಬರೆದಿದೆ. ಕಲಗಚ್ಚು, ತಿಪ್ಪೆ, ರದ್ದಿಗಳು ಒಂದೇ ಪದದಲ್ಲಿ ಹೇಳಿದ್ದನ್ನು ಅವರು ಫಲಕದಲ್ಲಿ ಬರೆದರು.

ಬೆಂಗಳೂರಿನಲ್ಲಿಯೂ ಇಂತಹ ಶಬ್ದವೊಂದು ಹುಟ್ಟಿದೆ. ಅದಕ್ಕೆ ಅಕ್ಷರವೇ ಇಲ್ಲ. ಬಳಸಿದ ಸ್ಯಾನಿಟರಿ ಪ್ಯಾಡುಗಳನ್ನೂ ಡಯಾಪರುಗಳನ್ನೂ ಹಳೆಯ ಕಾಗದದಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆಯನ್ನು ಇಡುವ ಪದ್ಧತಿಯದು. ಗೋಡೆಯ ವಾಕ್ಯಗಳೆಲ್ಲ ಆಡಳಿತವು ಗೃಹಸ್ಥನಿಗೆ ಹೇಳಿದ ಮಾತುಗಳು. ಕೆಂಪು ಚುಕ್ಕೆಯು ಗೃಹಸ್ಥನು ಪೌರಕಾರ್ಮಿಕಳಿಗೆ ಹೇಳುವ ಮಾತು. ‘ಇದನ್ನು ಬಿಚ್ಚಬೇಡಿ’ ಎಂಬುದು ಅದರ ವಾಚ್ಯ. ‘ನಿಮ್ಮ ಕೈ ಇಲ್ಲಿದೆಯೆಂದು ಈ ಮನೆಗೆ ತಿಳಿದಿದೆ’ ಎಂಬುದು ವ್ಯಂಗ್ಯ. ಈ ಕ್ಷೇತ್ರದ ಶಬ್ದಗಳಲ್ಲಿ ಧ್ವನಿಯುಳ್ಳದ್ದು ಇದೊಂದೇ. ಕಸವನ್ನು ಆಯುವವರಿಗೆ ೨೦೧೧ರಲ್ಲಿ ಪಾಲಿಕೆಯಿಂದ ಗುರುತಿನ ಚೀಟಿಗಳು ದೊರೆತದ್ದೂ, ಆಮೇಲೆ ಹಸಿರು ದಳವೆಂಬ ಸಂಸ್ಥೆಯ ಮೂಲಕ ಅವರಲ್ಲಿ ಕೆಲವರು ಒಣಕಸದ ಕೇಂದ್ರಗಳನ್ನು ನಡೆಸತೊಡಗಿದ್ದೂ ಇದೇ ದಿಕ್ಕಿನ ಹೆಜ್ಜೆಗಳು: ಕೈಗೆ ಹೆಸರು ಬಂದಿತು.

ಉಪಸಂಹಾರ

ಯಜ್ಞದಲ್ಲಿ ಬಳಸಿ ಮುಗಿದ ವಸ್ತುವನ್ನು ತಕ್ಕ ಸ್ಥಳದಲ್ಲಿ ಸೇರಿಸುವುದಕ್ಕೆ ಮೀಮಾಂಸಕರು ಪ್ರತಿಪತ್ತಿಕರ್ಮವೆಂದು ಹೆಸರಿಟ್ಟರು. ಯಜಮಾನನು ಮೈ ತುರಿಸಿಕೊಳ್ಳುವುದಕ್ಕೆ ಬಳಸಿದ ಜಿಂಕೆಯ ಕೊಂಬನ್ನು ಕೂಡ ಎಸೆದುಬಿಡದೆ ಚಾತ್ವಾಲವೆಂಬ ಗುಂಡಿಯಲ್ಲಿಯೇ ಹಾಕಬೇಕು. ಉಪಯೋಗವು ಮುಗಿದರೂ ವಸ್ತುವಿನ ಹೊಣೆಯು ಮುಗಿಯದು; ವಸ್ತುವಿಗೆ ಸ್ಥಾನವನ್ನು ಕಾಣಿಸುವವರೆಗೂ ಕರ್ಮವು ಅಪೂರ್ಣವೆಂಬುದು ಇದರ ತಾತ್ಪರ್ಯ. ಊಟವು ಎಲೆಯೆತ್ತಿದಲ್ಲಿಗೆ ಮುಗಿಯುವುದಿಲ್ಲವೆಂದು ತಿಳಿಯುವುದೇ ವಿಂಗಡಣೆಯ ಮೂಲ. ಆದರೆ ಯಜ್ಞಶಾಲೆಯ ಪ್ರತಿಪತ್ತಿಗೂ ಬೀದಿಯ ಪ್ರತಿಪತ್ತಿಗೂ ಒಂದು ಭೇದವಿದೆ. ಅಲ್ಲಿ ಯಜಮಾನನೇ ಗುಂಡಿಗೆ ಹಾಕುತ್ತಾನೆ. ಇಲ್ಲಿ ನಡುವೆ ಇನ್ನೊಬ್ಬರ ಕೈಯಿದೆ. ಹೆಸರಿನಲ್ಲಿಯೇ ಬಸವಣ್ಣನನ್ನು ನೆನೆಯುವ ಬಡಾವಣೆಯುಳ್ಳ ಈ ಪ್ರದೇಶದಲ್ಲಿ, ಅಂಗಳ ಗುಡಿಸುವುದೇ ಕಾಯಕವಾಗಿದ್ದ ಶರಣೆಯೆಂದು ಪರಂಪರೆಯು ಸ್ಮರಿಸುವ ಸತ್ಯಕ್ಕನ ಹೆಸರನ್ನೂ ನೆನೆಯುವುದು ಅನುಚಿತವಾಗದು.

ಆದುದರಿಂದ ವಿಧಿವಾಕ್ಯದ ಪರಿಷ್ಕರಣವು ಆವಶ್ಯಕ. ‘ಹಸಿಕಸ’ವೆಂಬ ಪದವು ರೂಢಿಗೆ ಬರುತ್ತಿರುವಾಗ ಅದನ್ನು ತೆಗೆದುಹಾಕುವುದು ಉಚಿತವಲ್ಲ, ಅದರ ಪಕ್ಕದ ಒಂದು ಪಂಕ್ತಿಯಲ್ಲಿ ಅದು ಎಲ್ಲಿಗೆ ಹೋಗಿ ಏನಾಗುತ್ತದೆಂಬುದನ್ನು ಬರೆಯತಕ್ಕದ್ದು, ಬರೆದದ್ದು ನಿಜವಾಗುವಂತೆ ಬಂಡಿಯನ್ನು ನಡೆಸತಕ್ಕದ್ದು. ಶಬ್ದವು ಪ್ರತ್ಯಕ್ಷದೊಡನೆ ವಿರೋಧಿಸದೆ ಇದ್ದಲ್ಲಿ ಮಾತ್ರ ಪ್ರಮಾಣವಾಗುತ್ತದೆ. ವಿಜಯನಗರದ ಗೃಹಿಣಿಯು ಬೆಳಗ್ಗೆ ಎರಡು ಬುಟ್ಟಿಗಳನ್ನು ಹೊರಗೆ ತಂದಾಗ, ಅವೆರಡೂ ಬೇರೆಬೇರೆಯಾಗಿಯೇ ಬಂಡಿಯನ್ನು ಸೇರುವುದನ್ನು ಕಂಡಳೆಂದರೆ, ಮರುದಿನದ ವಿಂಗಡಣೆಗೆ ಅದಕ್ಕಿಂತ ಬಲವಾದ ವಿಧಿಯು ಬೇಕಿಲ್ಲ.